ಕೋಡಿ ಲೈನಿನ ಫಾಲ್ಟು

"ಹಾಕಿ ಕಾಣಿ ಅಣ್ಣಯ್ಯ," ಎಂದ ಶೇಖರ ಮೊಬೈಲಿಗೆ.

ಸಬ್‌ಸ್ಟೇಷನ್ನಿನಲ್ಲಿದ್ದ ಆಪರೇಟರ್ ಅಣ್ಣಯ್ಯ ಕೋಡಿ ಊರಿನ ಲೈನಿಗೆ ಕರೆಂಟು ಬಿಟ್ಟ. ಲೈನು ಹೋದ ಮೇಲೆ ಇದು ಮೊದಲ ಪ್ರಯತ್ನ. ಎರಡು ಸೆಕೆಂಡು ನಿಂತಿತು. ಟ್ರಿಪ್.

"ನಿಲ್ತಿಲ್ಲೆ ಮಾರಾಯಾ. ಎಲ್ಲೋ ತಾಗ್ತಾ ಇತ್ತ್."

ತಾಗುತ್ತಿದೆ ಎಂಬುದು ಶೇಖರನಿಗೂ ಗೊತ್ತಿತ್ತು. ಎಲ್ಲಿ ಎಂಬುದು ಬೇಕಿತ್ತು. ಲೈನ್‌ಮ್ಯಾನಿಗೆ ಸಂಬಳ ಕೊಡುವುದೇ ಅದಕ್ಕೆ.

2006ರ ಸೆಪ್ಟೆಂಬರ್, ಅಮಾವಾಸ್ಯೆ. ಐದು ಗಂಟೆಗೆ ಶುರುವಾದ ಗಾಳಿಮಳೆ ಎದುರಿನ ಮನುಷ್ಯನೂ ಕಾಣದಂತೆ ಸುರಿದಿತ್ತು. ಐದೂ ಇಪ್ಪತ್ತಕ್ಕೆ ಲೈನು ಹೋಯಿತು, ಜೊತೆಗೆ ಹೊಳೆ ಕಡಲು ಸೇರುವ ಅಳಿವೆ ಬಾಯಿಯ ದೀಪವೂ. ಆ ದೀಪಕ್ಕೊಂದು ಬ್ಯಾಟರಿ ಇದೆ. ಅದು ಕೆಟ್ಟು ಎರಡು ವರ್ಷ. ಬೇರೆ ದಿನವಾಗಿದ್ದರೆ ಶೇಖರ ಬೀಡಿ ಹಚ್ಚಿಕೊಂಡು ಸಾವಕಾಶ ಹುಡುಕುತ್ತಿದ್ದ. ಇವತ್ತು ಅವನ ತಮ್ಮ ರತನ್ ಕಡಲಲ್ಲಿದ್ದ.

ನಾಲ್ಕೂವರೆಗೆ ರತನ್ ಬೋಟಿನಿಂದ ಫೋನ್ ಮಾಡಿದ್ದ. "ಇಂಜಿನ್ ನಿಂತ್ ನಿಂತ್ ಹೋತಿತ್ತ್ ಅಣ್ಣ. ಗಾಳಿ ಹಿಂದಿಂದ ಇತ್ತ್, ಆದ್ರೂ ಬಪ್ಪತಿಗೆ ಏಳ್ ಗಂಟೆ ಆತ್ತ್. ದೀಪ ಒಂದ್ ಇರ್ಲಿ."

ಆಮೇಲೆ ಅವನ ಫೋನು ಹತ್ತಲಿಲ್ಲ. ಕತ್ತಲಲ್ಲಿ ದೀಪವಿಲ್ಲದೆ ಅಳಿವೆ ಹೊಕ್ಕವರು ಮರಳದಿಬ್ಬಕ್ಕೆ ಬಡಿದು ಹೋಗುತ್ತಾರೆ. ಈಗ ಆರು ಗಂಟೆ. ಉಳಿದದ್ದು ಒಂದೇ ತಾಸು.

ಶೇಖರ ಕತ್ತು ಮೇಲೆತ್ತಿಕೊಂಡೇ ಓಡಿದ. ಹನ್ನೊಂದನೇ ಕಂಬದ ಹತ್ತಿರ ತೆಂಗಿನ ಮಡಲೊಂದು ತಂತಿಗೆ ಜೋತುಬಿದ್ದಿತ್ತು. ಹೋದ ಜೀವ ಬಂದಂತಾಯಿತು. ಗಳದಿಂದ ಎಳೆದು ಬೀಳಿಸಿದ.

"ಸಿಕ್ಕಿತ್ ಅಣ್ಣಯ್ಯ! ಹಾಕಿ!"

ಟ್ರಿಪ್.

ದಂಡೆಯ ಮೇಲೆ ಊರಿಗೆ ಊರೇ ಕಡಲಿನತ್ತ ಮುಖ ಮಾಡಿ ನಿಂತಿತ್ತು. ರತನನ ಹೆಂಡತಿ ಸೌಜನ್ಯ ಓಡಿ ಬಂದಳು.

"ಭಾವ, ಎಂತಾರೂ ಮಾಡಿ. ದೀಪ ಇಲ್ದಿರೆ ಅವ್ರ್ ಒಳಗ್ ಬಪ್ಪುದ್ ಹ್ಯಾಂಗೆ?"

"ಅವ ಬತ್ತ. ನೀನ್ ಹೆದರ್ಬೇಡ," ಎಂದ. ತಮ್ಮನನ್ನು ಮೊದಲು ಬೋಟು ಹತ್ತಿಸಿದವನು ತಾನು. ಆಮೇಲೆ ಸರ್ಕಾರಿ ಕೆಲಸ ಸಿಕ್ಕಿತೆಂದು ದಡದಲ್ಲಿ ಉಳಿದವನೂ ತಾನೇ.

ಇನ್ನು ಲೈನನ್ನು ತುಂಡು ತುಂಡಾಗಿ ಬಿಡಿಸಿ ನೋಡುವುದೇ ದಾರಿ. ಕೇರಿಯ ಮನೆಗಳಿಗೆ ಹೋಗುವ ಕವಲಿನ ಸ್ವಿಚ್ಚನ್ನು ಎಳೆದು ಬೇರ್ಪಡಿಸಿದ. ಫಾಲ್ಟು ಕೇರಿಯಲ್ಲಿದ್ದರೆ ಉಳಿದ ಲೈನು ನಿಲ್ಲಬೇಕು, ದೀಪ ಹತ್ತಬೇಕು.

"ಇದ್ ಮೂರ್ನೇ ಸಲ," ಅಣ್ಣಯ್ಯ ಎಚ್ಚರಿಸಿದ. "ಸುಮ್ನೆ ಸುಮ್ನೆ ಹಾಕುಕೆ ಆತಿಲ್ಲೆ."

"ಹಾಕಿ ಅಣ್ಣಯ್ಯ. ನಿಮ್ ಕಾಲ್ ಹಿಡಿತೆ."

ಟ್ರಿಪ್.

ಹಾಗಾದರೆ ನೋಡದೆ ಉಳಿದದ್ದು ಹೊಳೆ ದಾಟುವ ತಂತಿ ಮಾತ್ರ. ಅದು ಬೋಟು ಕಟ್ಟುವ ಜೆಟ್ಟಿಯಿಂದ ಹೊಳೆಗುಂಟ ಅರ್ಧ ಮೈಲಿ ಒಳಗೆ. ಹೊಳೆಯ ಮೇಲೆ ಮರವಿಲ್ಲ, ಮಡಲಿಲ್ಲ, ಅತ್ತ ಯಾರಿಗೂ ಕೆಲಸವಿಲ್ಲ. ಶೇಖರ ಕಡಲಿಗೆ ಬೆನ್ನು ಹಾಕಿ, ತೋಟಗಳ ನಡುವೆ ಬಿದ್ದು ಎದ್ದು ಓಡಿದ. ಅಮಾವಾಸ್ಯೆಯ ಉಬ್ಬರಕ್ಕೆ ಹೊಳೆ ದಂಡೆ ಮೀರಿ ತೋಟದೊಳಗೆ ನುಗ್ಗಿತ್ತು. ಮೊಣಕಾಲುದ್ದ ನೀರಿನಲ್ಲಿ ನಿಂತು ತಂತಿಯತ್ತ ಟಾರ್ಚ್ ಬಿಟ್ಟ.

ಮೂರು ತಂತಿಗಳಲ್ಲಿ ಒಂದಕ್ಕೆ ಕಬ್ಬಿಣದ ಕಂಬವೊಂದು ಸಿಕ್ಕಿಕೊಂಡಿತ್ತು. ಫಾಲ್ಟು ಸಿಕ್ಕಿತು! ಬೆಳಕನ್ನು ಕಂಬದ ಗುಂಟ ಕೆಳಗಿಳಿಸಿದ. ಕೆಳಗೊಂದು ಬೋಟು, ಕಂಬ ಅದರದೇ. ರತನನ ಬೋಟು. ಇಂಜಿನ್ ಸತ್ತ ಬೋಟನ್ನು ಗಾಳಿಯೂ ಉಬ್ಬರವೂ ಸೇರಿ, ಮಳೆಯ ಮರೆಯಲ್ಲಿ ಯಾರಿಗೂ ಕಾಣದಂತೆ ಅಳಿವೆ ದಾಟಿಸಿ, ಜೆಟ್ಟಿ ದಾಟಿಸಿ, ಯಾವಾಗಲೋ ಇಲ್ಲಿಗೆ ತಂದು ನಿಲ್ಲಿಸಿದ್ದವು. ಕಂಬದ ಬುಡವನ್ನು ಒಬ್ಬ ಎರಡೂ ಕೈಗಳಿಂದ ಹಿಡಿದುಕೊಂಡಿದ್ದ, ತಂತಿಯಿಂದ ಬಿಡಿಸಲು ಹೊರಟವನಂತೆ. ಶೇಖರ ತಮ್ಮನ ಹೆಸರು ಹಿಡಿದು ಕೂಗಿದ. ಅವನು ಅಲುಗಲಿಲ್ಲ.

ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಅಣ್ಣಯ್ಯ.

"ಹ್ವಾಯ್ ಶೇಖರ, ನಿನ್ ತಮ್ಮ ಕಡ್ಲಂಗ್ ಇದ್ದ ಅಂಬ್ರಲೆ, ಈಗ ಗೊತ್ತಾಯ್ತ್. ಯಾರ್ ಎಂತ ಹೇಳ್ರೂ ಹೇಳ್ಲಿ, ಇನ್ನೊಂದ್ ಸಲ ಹಾಕಿ ಕಾಂಬನಾ?"