ಹಿಟ್ಟಿನ ಕೈ

ಬಚ್ಚಲಿನಿಂದ ಹೊರಬಂದ ಪಂಕಜಾ ನೇರವಾಗಿ ಹೋಗಿ, ಹಿಂದೆಲ್ಲ ಮುಟ್ಟಾದಾಗ ಕೂರುತ್ತಿದ್ದ ಹಿತ್ತಲ ಜಗಲಿಯ ಮೂಲೆಯಲ್ಲಿ ಕೂತುಬಿಟ್ಟಳು. ಮುಟ್ಟು ನಿಂತು ಮೂರು ವರ್ಷವಾಗಿತ್ತು. ಇವತ್ತು, ಮಾವನ ತಿಥಿಯ ದಿನವೇ, ಸೀರೆಯಲ್ಲಿ ಮತ್ತೆ ರಕ್ತ. "ಅತ್ತೆ, ಇತ್ತ ಬರಬೇಡಿ, ನಾನು ಹೊರಗಾಗಿದೀನಿ" ಎಂದು ಕೂಗಿದಳು. ಪುರೋಹಿತರು ಬರುವ ಹೊತ್ತು. ಅತ್ತೆ ಏನನ್ನುತ್ತಾರೋ!

ಅತ್ತೆ ವಿಶಾಲಾಕ್ಷಮ್ಮ ಮಡಿಸೀರೆಯಲ್ಲಿ, ವಡೆಯ ಹಿಟ್ಟು ಮೆತ್ತಿದ ಕೈಯಲ್ಲೇ ಹಿತ್ತಲ ಬಾಗಿಲಿಗೆ ಬಂದರು. ಮಡಿಯಲ್ಲಿದ್ದಾಗ ಹೆತ್ತ ಮಗನೂ ಸೋಕುವಂತಿರಲಿಲ್ಲ ಅವರನ್ನು.

"ನಿಂತುಹೋಗಿತ್ತಲ್ಲೇ ನಿಂಗೆ?"

"ಹೋದ ತಿಂಗಳೂ ಸ್ವಲ್ಪ ಕಾಣಿಸ್ಕೊಂಡಿತ್ತು ಅತ್ತೆ. ಉಷ್ಣ ಇರಬೇಕು ಅಂದ್ಕೊಂಡೆ."

ಅತ್ತೆಯ ಮುಖ ಬಿಳಿಚಿಕೊಂಡಿತು. "ನಮ್ಮಕ್ಕನೂ ಉಷ್ಣ ಅಂತಲೇ ಮೆಂತ್ಯದ ನೀರು ಕುಡೀತಾ ಕೂತಿದ್ಲು ಕಣೇ." ಆ ಅಕ್ಕ ಗರ್ಭಕೋಶದ ಕ್ಯಾನ್ಸರಿನಲ್ಲಿ ತೀರಿಕೊಂಡದ್ದು ಪಂಕಜಾಗೂ ಗೊತ್ತಿತ್ತು. ದಡದಡನೆ ಬಂದವರೇ ಸೊಸೆಯ ಮುಂಗೈ ಹಿಡಿದು ಎಳೆದರು. "ಏಳು. ಗೌರಿಬಿದನೂರಿನ ಬಸ್ಸು ಇನ್ನೂ ಸಿಗತ್ತೆ. ಡಾಕ್ಟ್ರ ಹತ್ರ ಹೋಗಣ."

"ಅತ್ತೆ, ಮಡಿ! ತಿಥಿ..."

"ನಿಮ್ಮ ಮಾವ ಕಾಯ್ತಾರೆ, ನೀನು ಏಳಮ್ಮ."

ಪಂಕಜಾ ತನ್ನ ಮುಂಗೈ ಹಿಡಿದಿದ್ದ ಅತ್ತೆಯ ಕೈ ನೋಡಿದಳು. ಸೊಸೆಯಾಗಿ ಬಂದಾಗಿನಿಂದ, ಹೊರಗೆ ಕೂತ ದಿನ ಊಟದ ತಟ್ಟೆಯನ್ನೂ ದೂರದಿಂದಲೇ ತಳ್ಳಿದ ಕೈ ಅದು. ಇಷ್ಟು ಹೊತ್ತೂ ಅವಳು ಹೆದರಿದ್ದು ಅತ್ತೆಯ ಬಾಯಿಗೆ. ಈಗ ಆ ಹಿಟ್ಟಿನ ಕೈ ಮಡಿಯನ್ನೂ ಮರೆತು ಎಳೆಯುತ್ತಿರುವಾಗ, ಮೊದಲ ಸಲ ಆ ರಕ್ತಕ್ಕೇ ಹೆದರಿದಳು. ಅದೇ ಕೈಯನ್ನು ಗಟ್ಟಿಯಾಗಿ ಹಿಡಿದು ಎದ್ದಳು.