ಗೋಡೆಯಾಚೆಯ ಬೈಗುಳ

ಕಡಲಂಚಿನ ನೂರು ವರ್ಷದ ಹೋಟೆಲನ್ನು ಹೊಸದಾಗಿ ಕಟ್ಟುವ ಕೆಲಸಕ್ಕೆ ಬಂದ ದಿನವೇ ಇಂಜಿನಿಯರಿಗೆ ಮಾಲೀಕರು ಕಟ್ಟಪ್ಪಣೆ ಮಾಡಿದ್ದರು: ನೆರೆಯವರಿಗೆ ಒಂಚೂರೂ ತೊಂದರೆಯಾಗಬಾರದು.

ಕಾಂಪೌಂಡಿಗೆ ಒತ್ತಿಕೊಂಡು ಇದ್ದದ್ದು ಒಂದೇ ಮನೆ. ಹಳೇ ತೊಲೆಗಳನ್ನು ಇಳಿಸುವ ಡೀಸೆಲ್ ಮಿಷನ್ ಡುಗುಡುಗು ಎಂದರೆ ಸಾಕು, ಆ ಮನೆಯೊಳಗಿಂದ ಗಂಡಸಿನ ದನಿಯೊಂದು ಸಿಡಿಯುತ್ತಿತ್ತು: "ಎಳೀರೋ, ದರಿದ್ರದವ್ರೇ! ಕೈಗೆ ಲಕ್ವ ಹೊಡ್ದುಂಟಾ?"

ಹಗ್ಗ ಹಿಡಿದ ಆಳುಗಳು ನಗುತ್ತಿದ್ದರು. ಇಂಜಿನಿಯರಿಗೆ ಮಾತ್ರ ಹೆದರಿಕೆ. ಇವತ್ತು ಬೈದವನು ನಾಳೆ ಕೋರ್ಟಿಗೆ ಹೋದರೆ? ಕೊನೆಗೆ ಸದ್ದಿಲ್ಲದ ಕರೆಂಟಿನ ಮಿಷನ್ನನ್ನೇ ತರಿಸಿದ. ಬೈಗುಳವೂ ನಿಂತಿತು.

ಮರುದಿನ ಆ ಮನೆಯ ಹೆಂಗಸು ಗೇಟಿನ ಬಳಿ ಬಂದು ನಿಂತಳು. ಇಂಜಿನಿಯರ್ ಓಡಿ ಬಂದ.

"ಎಂತ ಅಮ್ಮಾ, ಇನ್ನೂ ತೊಂದರೆ ಆಗ್ತಾ ಉಂಟಾ? ಧೂಳಾ?"

"ಧೂಳು ಬಿಡಿ. ಆ ಹಳೇ ಮಿಷನ್ ಎಲ್ಲಿ?"

"ವಾಪಸ್ ಕಳಿಸಿದೆ. ನಿಮ್ಮ ಯಜಮಾನ್ರು ಅಷ್ಟು ಬೈತಿದ್ರಲ್ಲ!"

"ನಿಮ್ಗಲ್ಲ ಮಾರಾಯ್ರೆ ಬೈದದ್ದು. ಅದರ ಸದ್ದು ದೋಣಿ ಇಂಜಿನಿನ ಹಾಗೇ ಕೇಳ್ತಿತ್ತು. ದೋಣಿ ನಡೆಸುವ ತಂಡೇಲ ಅಲ್ವಾ ಅವ್ರು, ಬಲೆ ಎಳೆಯುವವ್ರಿಗೆ ಬೈದದ್ದು."

"ಓ, ಈಗಲೂ ಕಡಲಿಗೆ ಹೋಗ್ತಾರಾ?"

"ಎಲ್ಲಿಂದ ಹೋಗುದು? ಲಕ್ವ ಹೊಡ್ದು ಮಲಗಿ ಮೂರು ವರ್ಷ ಆಯ್ತು. ನಿಮ್ಮ ಆ ಮಿಷನ್ ಸುರುವಾಗುವವರೆಗೆ ಅವರ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ."