ಒಲೆ ಕಾಯುವ ಪಾಳಿ

"ಅಜ್ಜಿ, ನಮ್ಮಿಬ್ಬರ ಜೀವ ನಿನ್ನ ಕೈಲಿದೆ. ಪಾತ್ರೆ ಸೀಯಿಸ್ಬಿಡಬೇಡ ಮತ್ತೆ!" ಮೊಮ್ಮಗಳು ತನ್ನ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಕೂಗಿದಳು. ಅವಳ ಪಕ್ಕದ ಮೇಜಿನಲ್ಲಿ, ಹಳೆಯ ಕಂಪ್ಯೂಟರಿನ ಮುಂದೆ ಅಜ್ಜಿ ಮೌಸನ್ನು ಕೋಳಿಮರಿ ಹಿಡಿದಂತೆ ಮೆತ್ತಗೆ ಹಿಡಿದು ಕೂತಿದ್ದಳು. ಪರದೆಯ ಮೇಲೆ ಹಿಮ ಸುರಿಯುವ ಕಾಡು, ಕಾಡಿನಲ್ಲೊಂದು ಗುಹೆ, ಗುಹೆಯೊಳಗೆ ಬೆಂಕಿ. ಬೆಂಕಿಯ ಮೇಲೆ ಒಂದು ಪಾತ್ರೆ, ಅದರ ಮಗ್ಗುಲಲ್ಲಿ ಎರಡು ತಗಡಿನ ಡಬ್ಬ.

ಆಟ ಇಷ್ಟೇ: ಆ ಕಾಡಿನಲ್ಲಿ ಸಾಯದೆ ಉಳಿಯಬೇಕು. ಪಾತ್ರೆಗೆ ಹಿಮ ತುಂಬಿ ಕರಗಿಸಬೇಕು, ಕರಗಿದ್ದನ್ನು ಕುದಿಸಬೇಕು, ಕುದಿ ಬಂದ ಕೂಡಲೇ ಇಳಿಸಬೇಕು. ಮೈಮರೆತರೆ ನೀರೆಲ್ಲ ಬತ್ತಿ ತಳ ಹಿಡಿಯುತ್ತದೆ. ಮೀನು ಹಿಡಿಯಲು ಕೊಳದ ಕಡೆ ಹೋಗಿದ್ದ ಮೊಮ್ಮಗಳು ಬಾಯಾರಿ ಅಲ್ಲಿನ ನೀರನ್ನೇ ಕುಡಿದು ಹೊಟ್ಟೆ ಕೆಡಿಸಿಕೊಂಡಿದ್ದಳು. ಈಗ ಎದ್ದು ಬಿದ್ದು ಗುಹೆಗೆ ವಾಪಸು ಬರುತ್ತಿದ್ದಳು. ಬಂದ ತಕ್ಷಣ ಕುದಿಸಿದ ನೀರು ಸಿಗದಿದ್ದರೆ ಅವಳ ಕಥೆ ಮುಗಿದಂತೆ. ಸತ್ತರೆ ಇಷ್ಟು ದಿನ ಕೂಡಿಟ್ಟ ಕಂಬಳಿ, ಕೊಡಲಿ, ಸೌದೆ ಎಲ್ಲ ಗೋವಿಂದ.

ಈ ಕೆಲಸ ಅಜ್ಜಿಗೆ ಬರೀ ಆಟವಾಗಿರಲಿಲ್ಲ. ಹೋದ ತಿಂಗಳು ಹಾಲು ಕಾಯಲು ಇಟ್ಟು, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ ಮರೆತೇಬಿಟ್ಟಿದ್ದಳು. ಪಾತ್ರೆ ಕರಕಲಾಗಿ, ಮನೆಯೆಲ್ಲ ಹೊಗೆ ತುಂಬಿ, ಪಕ್ಕದ ಮನೆಯವರು ಬಾಗಿಲು ಬಡಿದಿದ್ದರು. ಅಂದಿನಿಂದ ಮಗ ಕೆಲಸಕ್ಕೆ ಹೊರಡುವಾಗ ಗ್ಯಾಸ್ ಲೈಟರನ್ನು ಜೇಬಿಗೆ ಹಾಕಿಕೊಂಡೇ ಹೋಗುತ್ತಿದ್ದ. ಯಾರೂ ಬೈದಿರಲಿಲ್ಲ. ಬೈದಿದ್ದರೇ ವಾಸಿಯಿತ್ತು. ಎಲ್ಲರೂ "ನೀನು ಆರಾಮಾಗಿ ಕೂತ್ಕೋಮ್ಮ" ಎನ್ನುವವರೇ. "ಬಾ ಅಜ್ಜಿ, ಒಲೆ ನೋಡ್ಕೊಳ್ಳೋಕೆ ಒಬ್ಬರು ಬೇಕು" ಎಂದು ಕರೆದವಳು ಮೊಮ್ಮಗಳು ಒಬ್ಬಳೇ.

ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಏಳತೊಡಗಿದಾಗ ಗುಹೆಯ ಬಾಯಿಗೆ ಯಾರೋ ಅಡ್ಡ ನಿಂತರು. ಮೈತುಂಬ ತುಪ್ಪಳದ ಕೋಟು, ಕೈಯಲ್ಲಿ ಬಂದೂಕು. ಸ್ಪೀಕರಿನಿಂದ, ಬೇರೆಲ್ಲೋ ಕೂತು ಇದೇ ಆಟ ಆಡುತ್ತಿದ್ದ ಯಾರದೋ ಗಡಸು ಗಂಡುದನಿ ಬಂತು. "ಅಲ್ಲಾಡಬೇಡ! ಕೈ ಮೇಲೆತ್ತು! ಇರೋದನ್ನೆಲ್ಲ ಕೆಳಗಿಡು!"

"ಅಯ್ಯೋ, ದರೋಡೆಕೋರ!" ಮೊಮ್ಮಗಳು ಕುರ್ಚಿಯಿಂದ ಎದ್ದೇಬಿಟ್ಟಳು. "ಅಜ್ಜೀ, ಓಡು! ಎಲ್ಲಾ ಬಿಟ್ಟು ಓಡು!"

ಅಜ್ಜಿಯ ಕಣ್ಣು ಪಾತ್ರೆ ಬಿಟ್ಟು ಕದಲಲಿಲ್ಲ. "ಒಂದ್ನಿಮಿಷ ಇರಪ್ಪಾ," ಎಂದಳು ಮೈಕಿನ ಹತ್ತಿರ ಬಾಗಿ. "ಕುದಿ ಬರ್ತಾ ಇದೆ. ಈಗ ಕೈ ಎತ್ತಿದ್ರೆ ಎಲ್ಲ ಬತ್ತಿಹೋಗುತ್ತೆ."

ಬಂದೂಕಿನ ನಳಿಗೆ ಕೊಂಚ ವಾಲಿತು. ಆಮೇಲೆ, "ನೀವು... ಅಜ್ಜೀನಾ?"

"ಮತ್ತೆ ನಿನ್ನ ತಂಗೀನಾ? ಊಟ ಆಯ್ತೇನಪ್ಪಾ?"

"ಯಾವುದು, ಆಟದಲ್ಲಾ?"

"ಆಟದಲ್ಲೂ ಹೇಳು, ಮನೇಲೂ ಹೇಳು."

"ಎರಡೂ ಕಡೆ ಇಲ್ಲ," ಎಂದ ಅವನು. ಗಡಸು ಎಲ್ಲಿ ಹೋಯಿತೋ ಏನೋ. "ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ಬಂದವನೇ ಇದರ ಮುಂದೆ ಕೂತೆ."

"ಹೊಟ್ಟೆಗಿಲ್ಲದೆ ಅದ್ಯಾವ ದರೋಡೆಯೋ! ಮೊದಲು ಆ ಬಂದೂಕ ಪಕ್ಕಕ್ಕಿಡು. ಒಲೆ ಮುಂದೆ ಯಾರಾದ್ರೂ ಹಾಗೆ ನಿಲ್ತಾರಾ? ಇಲ್ಲಿ ಬಾ, ಈ ಸಣ್ಣ ಡಬ್ಬದಲ್ಲಿ ನಿನ್ನೆ ಹಿಡಿದ ಮೀನಿದೆ, ನೋಡ್ಕೋ. ತಳ ಹಿಡಿಸಬೇಡ ಮತ್ತೆ. ನಾನು ಹಿಡಿಸಿದೀನಿ, ಆ ವಾಸನೆ ಮೂಗಿಂದ ಇನ್ನೂ ಹೋಗಿಲ್ಲ."

ಬಂದೂಕು ನೆಲಕ್ಕಿಳಿಯಿತು. ತುಪ್ಪಳದ ಕೋಟಿನ ದೈತ್ಯ ಬೆಂಕಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಗಡಿನ ಡಬ್ಬವನ್ನೇ ದಿಟ್ಟಿಸತೊಡಗಿದ. ಮೊಮ್ಮಗಳು ಬಿಟ್ಟ ಬಾಯಿ ಬಿಟ್ಟಂತೆಯೇ ಕುರ್ಚಿಗೆ ಒರಗಿದಳು. ಅಷ್ಟರಲ್ಲಿ ಪಾತ್ರೆ ಕೊತಕೊತ ಕುದಿಯಿತು. ಅಜ್ಜಿ ಗುಂಡಿ ಒತ್ತಿ, ಸರಿಯಾದ ಹೊತ್ತಿಗೆ, ಒಂದು ಹನಿಯೂ ಬತ್ತದಂತೆ ಇಳಿಸಿದಳು. ಇಳಿಸಿದ ಮೇಲೆ ಸ್ವಲ್ಪ ಹೊತ್ತು ಮೌಸ್ ಬಿಟ್ಟು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮುಖ ನಗುತ್ತಿತ್ತು.

ಆಟದೊಳಗಿನ ಮೊಮ್ಮಗಳು ಹಿಮದಲ್ಲಿ ತೆವಳಿಕೊಂಡು ಗುಹೆ ಸೇರಿದಾಗ ದರೋಡೆಕೋರನೇ ಸರಿದು ಜಾಗ ಬಿಟ್ಟ. ಅವಳು ಬಿಸಿನೀರು ಕುಡಿದಳು. ಪರದೆಯ ಮೂಲೆಯಲ್ಲಿ ಮಿಣುಕುತ್ತಿದ್ದ ಕಾಯಿಲೆಯ ಕೆಂಪು ಗುರುತು ಮೆಲ್ಲಗೆ ಆರಿತು. ಮೂವರೂ ಮೀನು ಹಂಚಿಕೊಂಡು ತಿಂದರು.

"ಆಟ ಮುಗಿಸಿ ಮನೇಲೂ ಏನಾದ್ರೂ ತಿನ್ನು," ಎಂದಳು ಅಜ್ಜಿ.

"ತಿಂತೀನಿ ಅಜ್ಜಿ." ಅವನು ಎದ್ದು ಗುಹೆಯ ಬಾಯಿಯವರೆಗೂ ಹೋದವನು ನಿಂತ. ದನಿ ತಗ್ಗಿಸಿದ. "ನೀವು ಬೆಂಕಿ ಆರಿಸಿ, ಬೇಗ ಇಲ್ಲಿಂದ ಹೊರಟುಬಿಡಿ. ಹೊಗೆ ನೋಡ್ಕೊಂಡು ನಮ್ಮ ಗುಂಪಿನವರೆಲ್ಲ ಈ ಕಡೆಗೇ ಬರ್ತಿದಾರೆ. ನಾನು ಮುಂಚೆ ಬಂದೆ, ಅಷ್ಟೇ. ಅವರು ಯಾರ ಮಾತೂ ಕೇಳೋರಲ್ಲ."

ಮೊಮ್ಮಗಳ ಮುಖ ಬಿಳಿಚಿಕೊಂಡಿತು. ಅಜ್ಜಿ ಬೆಂಕಿಗೆ ಇನ್ನೆರಡು ಸೌದೆ ಒಟ್ಟಿದಳು. ಖಾಲಿಯಾದ ಪಾತ್ರೆಗೆ ಹಿಮ ತುಂಬಿ ಮತ್ತೆ ಮೇಲಿಟ್ಟಳು.

"ಎಷ್ಟು ಜನ?" ಎಂದು ಕೇಳಿದಳು.